ತಾತ ಕಳೆದ ಎರಡು ಅಂಕ

ದೀಪಾವಳಿಗೆ ಮೊಮ್ಮಕ್ಕಳಿಬ್ಬರೂ ಊರಿಗೆ ಬಂದಿದ್ದರು. ಚಿಕ್ಕವನು ಆರನೆಯ ತರಗತಿ. ಬಸ್ಸಿನಿಂದ ಇಳಿದವನೇ ಕೈಕಾಲು ಕೂಡ ತೊಳೆಯದೆ ತೋಟಕ್ಕೆ ಓಡಿದ. ದೊಡ್ಡವಳು ತುಮಕೂರಿನಲ್ಲಿ ಮೊದಲ ಪಿಯುಸಿ, ವಿಜ್ಞಾನ ತೆಗೆದುಕೊಂಡಿದ್ದಾಳೆ. ಅವಳು ನನಗೂ ಅಜ್ಜಿಗೂ ನಮಸ್ಕಾರ ಮಾಡಿ, ಚೀಲ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಇದು ಅವಳ ಪದ್ಧತಿಯಲ್ಲ. ಯಾವಾಗ ಬಂದರೂ ಮೊದಲು ಲೆಕ್ಕದ ಪುಸ್ತಕ ತಂದು ಜಗಲಿಯ ಮೇಲೆ ನನ್ನ ಪಕ್ಕ ಕೂರುವವಳು. 'ತಾತ, ಇದೊಂದು ಬರ್ತಿಲ್ಲ ನೋಡಿ' ಎನ್ನುವವಳು. ನನಗೆ ಬಂದರೆ ಹೇಳಿಕೊಡುತ್ತಿದ್ದೆ. ಬಾರದಿದ್ದರೆ ಇಬ್ಬರೂ ಸೇರಿ ಪೆನ್ಸಿಲ್ ಕಡಿಯುತ್ತಿದ್ದೆವು. ಈ ಸಲ ಎರಡು ದಿನವಾದರೂ ಪುಸ್ತಕ ಜಗಲಿಗೆ ಬರಲಿಲ್ಲ. ನಾನೇ ಒಮ್ಮೆ ಬಾಗಿಲ ಹತ್ತಿರ ಹೋಗಿ, 'ಏನು ಪುಟ್ಟಿ, ಲೆಕ್ಕ ಏನೂ ಇಲ್ಲವಾ?' ಅಂದೆ. 'ಇದೆ ತಾತ, ನಾನೇ ಮಾಡ್ಕೋತೀನಿ' ಅಂದಳು. ಅಷ್ಟೇ.

ಮೂರನೆಯ ದಿನ ಕಜ್ಜಾಯದ ಪಾಕ ತಿರುವುತ್ತಾ ನಮ್ಮ ಮನೆಯಾಕೆ ಬಾಯಿಬಿಟ್ಟಳು. 'ಅಲ್ಲ ರೀ, ನೀವು ಅವಳಿಗೆ ಏನೋ ತಪ್ಪು ಹೇಳಿಕೊಟ್ಟಿದ್ದೀರಂತೆ. ಪರೀಕ್ಷೇಲಿ ಎರಡು ಮಾರ್ಕ್ಸ್ ಹೋಯ್ತಂತೆ. ನಿಮಗೆ ಹೇಳಬೇಡ ಅಂದಿದ್ದಾಳೆ.'

ಎರಡು ಅಂಕ ಹೋದದ್ದಕ್ಕಿಂತ 'ಹೇಳಬೇಡ' ಅಂದದ್ದು ನನಗೆ ಚುಚ್ಚಿತು.

ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಲೆಕ್ಕದ ಮೇಷ್ಟ್ರಲ್ಲ. ಸರ್ವೆ ಇಲಾಖೆಯಲ್ಲಿ 32 ವರ್ಷ ಸರಪಳಿ ಎಳೆಸಿದವನು. ಹಳೆಯ ಎಸ್ಸೆಸ್ಸೆಲ್ಸಿಯ ಗಣಿತವೂ ಹೊಲದ ಬದುಗಳ ಮೇಲೆ ಕಲಿತ ಗಣಿತವೂ ಸೇರಿ ಎಷ್ಟಾಗುತ್ತದೋ ಅಷ್ಟು ನನ್ನ ಬಂಡವಾಳ. ಆದರೂ ಮೊಮ್ಮಗಳಿಗೆ ಹೇಳಿಕೊಡುವಾಗ ಗತ್ತಿಗೇನೂ ಕಡಿಮೆ ಇರಲಿಲ್ಲ.

ಸಂಜೆ ಅವಳನ್ನು ಜಗಲಿಗೆ ಕರೆದೆ. 'ಪ್ರಶ್ನೆಪತ್ರಿಕೆ ತಂದಿದ್ದೀಯಾ? ತೋರಿಸು' ಅಂದೆ. ಸ್ವಲ್ಪ ಹೊತ್ತು ಅಜ್ಜಿಯ ಮುಖ ನೋಡಿದಳು. ಆಮೇಲೆ ತಂದಳು.

ಪ್ರಶ್ನೆ ಇಷ್ಟೇ. ಪುಸ್ತಕದಲ್ಲಿ ಇಂಗ್ಲಿಷಿನ ಎಕ್ಸ್ ಅಕ್ಷರ ಬರೆದಿರುತ್ತಾರೆ. ಅಜ್ಜಿಯರೂ ಓದಲಿ ಎಂದು ನಾನು ಅದರ ಬದಲು 'ಕ' ಎಂದು ಬರೆಯುತ್ತೇನೆ. √(ಕ − 4) ಎಂಬ ಫಂಕ್ಷನ್ನಿನ ಡೊಮೇನ್ ಮತ್ತು ರೇಂಜ್ ಕಂಡುಹಿಡಿಯಿರಿ.

ಒಳಗಿನಿಂದ ನಮ್ಮಾಕೆ, 'ಯಾರ ಮನೆ ಫಂಕ್ಷನ್ನು?' ಅಂದಳು. ನಮಗೆಲ್ಲ ಫಂಕ್ಷನ್ ಎಂದರೆ ಮದುವೆ, ನಾಮಕರಣ, ಗೃಹಪ್ರವೇಶ. ಮೊಮ್ಮಗಳು ಎರಡು ದಿನದಲ್ಲಿ ಮೊದಲ ಸಲ ನಕ್ಕಳು. 'ಅದಲ್ಲ ಅಜ್ಜಿ, ಇದು ಲೆಕ್ಕದ ಫಂಕ್ಷನ್. ನಿನ್ನ ಹಿಟ್ಟಿನ ಮಿಲ್ ಇದೆಯಲ್ಲ, ಹಾಗೆ. ಒಂದು ಕಡೆ ಸಂಖ್ಯೆ ಹಾಕಿದರೆ ಇನ್ನೊಂದು ಕಡೆ ಸಂಖ್ಯೆ ಬರುತ್ತೆ. ಏನೇನು ಹಾಕಬಹುದೋ ಅದೆಲ್ಲ ಡೊಮೇನ್. ಏನೇನು ಹೊರಗೆ ಬರುತ್ತೋ ಅದೆಲ್ಲ ರೇಂಜ್.'

'ಒದ್ದೆ ಕಾಳು ಹಾಕಬೇಡಿ ಅಂತ ಮಿಲ್ಲಿನವನು ಬೋರ್ಡ್ ಹಾಕಿದ್ದಾನಲ್ಲ, ಹಂಗಾ?' ಅಂದಳು ಅಜ್ಜಿ.

'ಹಂಗೇ!'

ನಮ್ಮಾಕೆ ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ಡೊಮೇನಿಗೆ ಇದಕ್ಕಿಂತ ಚೆನ್ನಾದ ವಿವರಣೆಯನ್ನು ನಾನಂತೂ ಇನ್ನೂ ಕಂಡಿಲ್ಲ. ರೇಂಜಿಗೂ ಅವಳೇ ಸೇರಿಸಿದಳು: ಮಿಲ್ಲಿಗೆ ರಾಗಿ ಹಾಕಲಿ, ಗೋಧಿ ಹಾಕಲಿ, ಡಬ್ಬಕ್ಕೆ ಬರುವುದು ಹಿಟ್ಟೇ. ಇಡೀ ಕಾಳು ಯಾವತ್ತೂ ಬರುವುದಿಲ್ಲ. (ಹಿಂದಿನವರು ಮೆಣಸಿನಕಾಯಿ ಪುಡಿ ಮಾಡಿಸಿದ್ದರೆ ನಮ್ಮ ಹಿಟ್ಟೂ ಖಾರವಾಗುತ್ತದೆ ಎಂದೂ ಹೇಳಿದಳು. ಗಣಿತದ ಮಿಲ್ಲಿನಲ್ಲಿ ಆ ತೊಂದರೆ ಇಲ್ಲ.)

ಈಗ ಮೊಮ್ಮಗಳ ಉತ್ತರಕ್ಕೆ ಬರೋಣ. ಡೊಮೇನನ್ನು ಅವಳು ಸರಿಯಾಗಿ ಬರೆದಿದ್ದಳು. ಯಾವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೂ ಮೈನಸ್ ಬರುವುದಿಲ್ಲ. 3 ಗುಣಿಸು 3 ಒಂಬತ್ತು. ಮೈನಸ್ 3 ಗುಣಿಸು ಮೈನಸ್ 3, ಅದೂ ಒಂಬತ್ತೇ. ಹಾಗಾಗಿ ವರ್ಗಮೂಲದ ಚಿಹ್ನೆಯ ಒಳಗೆ ಮೈನಸ್ ಸಂಖ್ಯೆ ಕೂರುವಂತಿಲ್ಲ. ಒಳಗಿರುವುದು ಕ − 4. ಅದು ಸೊನ್ನೆಯೋ ಅದಕ್ಕಿಂತ ಹೆಚ್ಚೋ ಇರಬೇಕಾದರೆ ಕ ಕನಿಷ್ಠ 4 ಆಗಬೇಕು. 4 ಆಗಬಹುದು, 5 ಆಗಬಹುದು, ನಾಲ್ಕೂವರೆ ಆಗಬಹುದು, ಲಕ್ಷವೂ ಆಗಬಹುದು. 3 ಆಗುವಂತಿಲ್ಲ, ಏಕೆಂದರೆ 3ರಲ್ಲಿ 4 ಕಳೆದರೆ ಮೈನಸ್ 1. ಚಿಕ್ಕವನು ನನ್ನ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಮೈನಸ್ 1ರ ವರ್ಗಮೂಲ ಒತ್ತಿದ. ಅದು ತಪ್ಪು ಎಂದು ತೋರಿಸಿತು. ಅವನಿಗೆ ಅದೇ ಆಟವಾಗಿ ಮೈನಸ್ 2, ಮೈನಸ್ 50 ಎಲ್ಲ ಒತ್ತಿ ನೋಡಿದ.

ರೇಂಜಿನ ಜಾಗದಲ್ಲಿ ಅವಳು 'ಎಲ್ಲ ವಾಸ್ತವ ಸಂಖ್ಯೆಗಳು' ಎಂದು ಬರೆದಿದ್ದಳು. ಅದರ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಸೊನ್ನೆ.

'ಯಾಕೆ ಹಾಗೆ ಬರೆದೆ?' ಎಂದು ಕೇಳಿ ಮುಗಿಸುವಷ್ಟರಲ್ಲಿ ನನಗೇ ನೆನಪಾಯಿತು. ಗೌರಿಹಬ್ಬಕ್ಕೆ ಬಂದಾಗ ಅವಳು √9 = 3 ಎಂದು ಬರೆದಿದ್ದಳು. ನಾನು ತಿದ್ದಿದ್ದೆ. 'ಮೈನಸ್ ಮೂರು ಎಲ್ಲಿ ಹೋಯ್ತು? ವರ್ಗಮೂಲ ಅಂದರೆ ಪ್ಲಸ್ಸೂ ಇರಬೇಕು, ಮೈನಸ್ಸೂ ಇರಬೇಕು. ನಮ್ಮ ಕಾಲದಲ್ಲಿ ಇದನ್ನು ಮರೆತರೆ ಬೆತ್ತದಲ್ಲಿ ಬೀಳುತ್ತಿತ್ತು' ಎಂದು ಹೇಳಿ, ಬೆತ್ತ ಬಿದ್ದ ಕೈಯನ್ನೂ ತೋರಿಸಿದ್ದೆ. ಅವಳು ನಂಬಿದಳು. √ ಚಿಹ್ನೆಯಿಂದ ಪ್ಲಸ್ಸೂ ಬರುತ್ತದೆ, ಮೈನಸ್ಸೂ ಬರುತ್ತದೆ ಎಂದಾದರೆ ರೇಂಜು ಎಲ್ಲ ಸಂಖ್ಯೆಗಳೂ ಆಗಲೇಬೇಕಲ್ಲ. ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ನಾನು ಕೊಟ್ಟ ಬುನಾದಿಯೇ ಸೊಟ್ಟಗಿತ್ತು.

ಅಷ್ಟಕ್ಕೇ ಮುಗಿದಿರಲಿಲ್ಲ. ಪತ್ರಿಕೆ ಕೊಟ್ಟ ದಿನ ಅವಳು ತರಗತಿಯಲ್ಲಿ ಎದ್ದು ನಿಂತು ವಾದ ಮಾಡಿದ್ದಳಂತೆ. 'ಸರ್, ವರ್ಗಮೂಲಕ್ಕೆ ಎರಡು ಉತ್ತರ ಇರುತ್ತೆ. ನಮ್ಮ ತಾತ ಸರ್ವೆಯರ್ ಆಗಿದ್ದವರು, ಅವರೇ ಹೇಳಿಕೊಟ್ಟಿದ್ದು' ಅಂದಳಂತೆ. ಹಿಂದಿನ ಬೆಂಚಿನವರೆಲ್ಲ ನಕ್ಕರಂತೆ. ಆಮೇಲೆ ಒಂದು ವಾರ ಅವಳನ್ನು ಅವರು ಕರೆದದ್ದು 'ಸರ್ವೆ ತಾತ' ಎಂದು.

ಇದನ್ನು ಹೇಳುವಾಗ ಅವಳ ಗಂಟಲು ಕಟ್ಟಿತು. ನನಗೂ ಮಾತು ಹೊರಡಲಿಲ್ಲ. ತಪ್ಪಾಯ್ತು ಪುಟ್ಟಿ ಎಂದೆ. ಮೊಮ್ಮಕ್ಕಳ ಹತ್ತಿರ ಈ ಮಾತು ಹೇಳುವುದು ನಮ್ಮ ವಯಸ್ಸಿನವರಿಗೆ ಎಷ್ಟು ಕಷ್ಟ ಎಂದು ಓದುತ್ತಿರುವ ತಾತಂದಿರಿಗೆ ಗೊತ್ತು.

ಆದರೂ ನನ್ನೊಳಗೆ ಒಂದು ಹಟ ಉಳಿದಿತ್ತು. ನನಗೆ ಬೆತ್ತದಲ್ಲಿ ಹೊಡೆದು ಕಲಿಸಿದ್ದು ಪೂರ್ತಿ ಸುಳ್ಳಾಗಿರಲು ಸಾಧ್ಯವೇ? ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ಮೂವತ್ತು ವರ್ಷ ನಾನು ವರ್ಗಮೂಲ ತೆಗೆದದ್ದೆಲ್ಲ ನೆನಪಾಗತೊಡಗಿತು.

ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. ಒಟ್ಟು 1089 ಚದರಡಿ. ನಲವತ್ತು ಗುಂಟೆಗೆ ಒಂದು ಎಕರೆ. ಯಾರಾದರೂ ಬಂದು 'ಸ್ವಾಮಿ, ನಾಲ್ಕು ಗುಂಟೆ ಚೌಕವಾಗಿ ಬಿಡಿಸಿಕೊಡಿ' ಅಂದರೆ, 4356ರ ವರ್ಗಮೂಲ 66, ಅಂದರೆ ಒಂದೊಂದು ಬದಿಗೆ ಎರಡು ಸರಪಳಿ. ಒಂಬತ್ತು ಗುಂಟೆಯಾದರೆ 99 ಅಡಿ. ಒಂದು ಎಕರೆಯಾದರೆ 208 ಅಡಿಗೆ ಎಂಟೊಂಬತ್ತು ಅಂಗುಲ ಹೆಚ್ಚು. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ನಾನು ಬದಿಯ ಅಳತೆ ಮೈನಸ್ 66 ಅಡಿ ಎಂದು ಬರೆದಿದ್ದೆನೇ? ಬರೆದಿದ್ದರೆ ತಹಸೀಲ್ದಾರರು ನನ್ನನ್ನು ರಜೆ ಹಾಕಿ ಮನೆಗೆ ಹೋಗು ಅನ್ನುತ್ತಿದ್ದರು. ಮೈನಸ್ ಗುಂಟೆ ಜಮೀನನ್ನೂ ನಾನು ಅಳೆದಿಲ್ಲ. ಒತ್ತುವರಿಯಾಗಿ ಏನೂ ಉಳಿಯದ ಹಿಡುವಳಿಯಾದರೂ ಸೊನ್ನೆಗೆ ನಿಲ್ಲುತ್ತದೆ, ಅದರ ಕೆಳಗೆ ಹೋಗುವುದಿಲ್ಲ. ಕೈಗೆ ಡೊಮೇನೂ ಗೊತ್ತಿತ್ತು, ರೇಂಜೂ ಗೊತ್ತಿತ್ತು. ಬಾಯಿ ಮಾತ್ರ ಬೆತ್ತದ ಏಟಿನ ಪಾಠವನ್ನೇ ಒಪ್ಪಿಸುತ್ತಿತ್ತು.

ಬೆಳಗ್ಗೆ ಎದ್ದವನೇ ಅಟ್ಟದಿಂದ ಹಳೆಯ ಟೇಪು, ಹಗ್ಗ, ನಾಲ್ಕು ಗೂಟ ಇಳಿಸಿದೆ. ಮಕ್ಕಳಿಬ್ಬರನ್ನೂ ಕರೆದುಕೊಂಡು ಮನೆ ಹಿಂದಿನ ಕಣಕ್ಕೆ ಹೋದೆ. ಕಣ ಎಂದರೆ ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ: ನೆಲ ಗಟ್ಟಿಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತಲೂ ನಡೆಸಿ ರಾಗಿ ತುಳಿಸುತ್ತಿದ್ದ ಗುಂಡನೆಯ ಜಾಗ. ಈಗ ಎಷ್ಟೋ ಕಡೆ ರಾಗಿ ತೆನೆಯನ್ನು ಟಾರು ರಸ್ತೆಗೆ ಸುರಿದು ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ನಮ್ಮ ಕಣದಲ್ಲಿ ಹುಲ್ಲು ಬೆಳೆದು ವರ್ಷಗಳಾದವು. ಮೇಟಿ ಇದ್ದ ಗುಳಿ ಮಾತ್ರ ಇನ್ನೂ ಕಾಣುತ್ತದೆ.

ಆ ಗುಳಿಯಲ್ಲಿ ಗೂಟ ಹೊಡೆದು, ಹತ್ತು ಅಡಿ ಹಗ್ಗ ಕಟ್ಟಿ, ಚಿಕ್ಕವನ ಕೈಗೆ ಸುಣ್ಣದ ಪುಡಿ ಕೊಟ್ಟೆ. ಹಗ್ಗ ಬಿಗಿಯಾಗಿ ಹಿಡಿದು ಸುತ್ತು ಬಂದ. ಹತ್ತು ಅಡಿ ತ್ರಿಜ್ಯದ ವೃತ್ತವಾಯಿತು. ಆಮೇಲೆ ಮೇಟಿಯ ಮೇಲೆ ಹಾಯುವಂತೆ ಪೂರ್ವ ಪಶ್ಚಿಮಕ್ಕೆ ಒಂದು ಹಗ್ಗ ಎಳೆದು ಕಟ್ಟಿ, ಅಡಿ ಅಡಿಗೂ ಗುರುತು ಹಾಕಿದೆವು. ಮೇಟಿಯ ಜಾಗ ಸೊನ್ನೆ. ಪೂರ್ವಕ್ಕೆ ಹೋದರೆ 1, 2, 3. ಪಶ್ಚಿಮಕ್ಕೆ ಹೋದರೆ ಮೈನಸ್ 1, ಮೈನಸ್ 2, ಮೈನಸ್ 3.

ಇದು ಸರ್ವೆಯರನ ದಿನನಿತ್ಯದ ಕೆಲಸ. ಹೊಲದ ಬದು ನೆಟ್ಟಗಿರುವುದಿಲ್ಲ, ಹಾವಿನಂತೆ ಹೊರಳುತ್ತದೆ. ಅದಕ್ಕೆ ಹೊಲದ ನಡುವೆ ನೇರವಾಗಿ ಸರಪಳಿ ಎಳೆಯುತ್ತೇವೆ. ಸರಪಳಿಯ ಮೇಲೆ ಅಲ್ಲಲ್ಲಿ ನಿಂತು, ಅಲ್ಲಿಂದ ನೇರ ಅಡ್ಡಕ್ಕೆ ಬದು ಎಷ್ಟು ದೂರ ಎಂದು ಅಳೆಯುತ್ತೇವೆ. ಆ ಅಡ್ಡ ಅಳತೆಗೆ ಆಫ್‌ಸೆಟ್ ಎನ್ನುತ್ತೇವೆ.

'ಈಗ ಆಫ್‌ಸೆಟ್ ತೆಗಿ' ಎಂದೆ ಮೊಮ್ಮಗಳಿಗೆ. ಸೊನ್ನೆಯಲ್ಲಿ, ಅಂದರೆ ಮೇಟಿಯ ಹತ್ತಿರ, ಉತ್ತರಕ್ಕೆ ಟೇಪು ಹಿಡಿದಾಗ ಸುಣ್ಣದ ಗೆರೆ ಸಿಕ್ಕಿದ್ದು 10 ಅಡಿಗೆ. 6ರ ಗುರುತಿನಲ್ಲಿ 8 ಅಡಿ. 8ರ ಗುರುತಿನಲ್ಲಿ 6 ಅಡಿ. 10ರ ಗುರುತು ಗೆರೆಯ ಮೇಲೆಯೇ ಇತ್ತು, ಆಫ್‌ಸೆಟ್ ಸೊನ್ನೆ. ಪಶ್ಚಿಮಕ್ಕೆ ಬಂದು ಮೈನಸ್ 6ರಲ್ಲಿ ಅಳೆದರೆ ಮತ್ತೆ 8 ಅಡಿ.

ಅವಳು ಟೇಪು ಹಿಡಿದುಕೊಂಡೇ ನಿಂತುಬಿಟ್ಟಳು. 'ತಾತ! ಇದು ನಮ್ಮ ಪುಸ್ತಕದಲ್ಲಿದೆ! √(9 − ಕ²) ಅಂತ ಇದೆ. ಇಲ್ಲಿ 9ರ ಬದಲು 100. √(100 − ಕ²)!'

ನಿಜ. ಮೇಟಿಯಿಂದ ಗೆರೆಗೆ ಯಾವಾಗಲೂ ಹತ್ತು ಅಡಿ. ಹಗ್ಗದ ಮೇಲಿನ ಅಳತೆ ಕ. ಪೈಥಾಗೊರಸನ ತ್ರಿಭುಜ ಕಟ್ಟಿದರೆ ಆಫ್‌ಸೆಟ್ಟಿನ ವರ್ಗ 100 − ಕ². 6 ಹಾಕಿ ನೋಡಿ: 100ರಲ್ಲಿ 36 ಹೋದರೆ 64, ಅದರ ವರ್ಗಮೂಲ 8. ಮೈನಸ್ 6 ಹಾಕಿದರೂ ವರ್ಗ 36ಏ, ಉತ್ತರ 8ಏ.

ಇಲ್ಲಿ ಒಂದು ವಿಷಯ ಗಮನಿಸಬೇಕು ಮಕ್ಕಳೇ. ವರ್ಗಮೂಲ ಅಂದ ಕೂಡಲೇ 'ಮೈನಸ್ ಹಾಕುವಂತಿಲ್ಲ' ಎಂದು ಬಾಯಿಪಾಠ ಮಾಡಿಬಿಡುತ್ತೀರಿ. ಇಲ್ಲಿ ಕ ಮೈನಸ್ ಆಯಿತು, ಏನೂ ತೊಂದರೆಯಾಗಲಿಲ್ಲ. ಮೈನಸ್ ಆಗಬಾರದ್ದು ಚಿಹ್ನೆಯ ಒಳಗಿನ ಒಟ್ಟು ಮೊತ್ತ. ಕ ಮಾತ್ರ ಏನು ಬೇಕಾದರೂ ಆಗಲಿ, ಒಳಗೆಲ್ಲ ಸೇರಿ ಕೊನೆಗೆ ಏನಾಯಿತು ಎಂದು ನೋಡಬೇಕು.

ಅಷ್ಟರಲ್ಲಿ ಚಿಕ್ಕವನು ಹಗ್ಗದ ಗುಂಟ ಓಡಿ, ವೃತ್ತ ದಾಟಿ, 11ರ ಗುರುತಿನ ಹತ್ತಿರ ನಿಂತಿದ್ದ. 'ಅಕ್ಕ, ಇಲ್ಲಿಂದ ಹಿಡಿ' ಎಂದು ಕೂಗಿದ. ಅವಳು ಟೇಪು ಹಿಡಿದು ಉತ್ತರಕ್ಕೆ ಹೋದಳು. ಹೋದಳು, ಹೋದಳು, ಬೇಲಿಯವರೆಗೆ ಹೋದಳು. ಸುಣ್ಣದ ಗೆರೆ ಸಿಗಲೇ ಇಲ್ಲ. ಸಿಗುವುದಾದರೂ ಹೇಗೆ? ವೃತ್ತ ಹತ್ತಕ್ಕೇ ಮುಗಿದಿದೆ. ಹನ್ನೊಂದರಲ್ಲಿ ನಿಂತು ಉತ್ತರಕ್ಕೆ ಹಿಮಾಲಯದವರೆಗೆ ಹೋದರೂ ಅದು ಎದುರಾಗುವುದಿಲ್ಲ.

ನಾನು ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದೆ: 100 − 121 = −21.

'ಮೈನಸ್ 21ರ ವರ್ಗಮೂಲ ಇಲ್ಲ ಅಂದರೆ ಇದೇನಾ ತಾತ? ಗೆರೆ ಸಿಗಲ್ಲ ಅನ್ನೋದು?' ಅಂದಳು.

ಹೌದು, ಇದೇ. ಅರವತ್ತು ವರ್ಷದ ಕೆಳಗೆ ಯಾರಾದರೂ ನನ್ನನ್ನು ಒಂದು ಕಣಕ್ಕೆ ಕರೆದುಕೊಂಡು ಹೋಗಿ ಹನ್ನೊಂದನೆಯ ಅಡಿಯಲ್ಲಿ ನಿಲ್ಲಿಸಿದ್ದರೆ ಎಂದುಕೊಂಡೆ.

ಹಾಗಾದರೆ ಈ ಕಣದ ಡೊಮೇನ್ ಏನು? ಮೈನಸ್ 10ರಿಂದ 10ರವರೆಗೆ, ಎರಡೂ ತುದಿ ಸೇರಿ. ರೇಂಜ್ ಏನು? ಇಲ್ಲಿ ಅವಳೇ ನನಗೆ ಎಚ್ಚರಿಕೆ ಕೊಟ್ಟಳು. 'ಸೊನ್ನೆ ಮತ್ತು ಅದಕ್ಕಿಂತ ಹೆಚ್ಚು ಅಂತ ಬರೆದರೆ ಇಲ್ಲೂ ಮಾರ್ಕ್ಸ್ ಹೋಗುತ್ತೆ ತಾತ. ನಮ್ಮ ಕ್ಲಾಸಲ್ಲಿ ತುಂಬಾ ಜನ ಹಾಗೇ ಬರೆದಿದ್ದರು.' ಸರಿ, ಆಫ್‌ಸೆಟ್ ಎಷ್ಟು ದೊಡ್ಡದಾಗಬಹುದು? ಮೇಟಿಯ ಹತ್ತಿರ ಹತ್ತು ಅಡಿ, ಅದಕ್ಕಿಂತ ಹೆಚ್ಚು ಎಲ್ಲೂ ಇಲ್ಲ. ತುದಿಗಳಲ್ಲಿ ಸೊನ್ನೆ. ನಡುವಿನ ಅಳತೆಗಳೆಲ್ಲ ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತವೆ. ಹಾಗಾಗಿ ರೇಂಜ್ 0ಯಿಂದ 10.

ಪರೀಕ್ಷೆಯ √(ಕ − 4)ಗೆ ಇಂಥ ಮೇಲಿನ ಮಿತಿ ಇಲ್ಲ. 4 ಹಾಕಿದರೆ 0, 5 ಹಾಕಿದರೆ 1, 8 ಹಾಕಿದರೆ 2, 13 ಹಾಕಿದರೆ 3. ನಿಮಗೆ ಉತ್ತರ 10 ಬರಬೇಕೋ? 104 ಹಾಕಿ. ನೂರು ಬರಬೇಕೋ? 10004 ಹಾಕಿ. ಬೇಕಾದ ಉತ್ತರದ ವರ್ಗ ಮಾಡಿ ನಾಲ್ಕು ಸೇರಿಸಿದರೆ ಹಾಕಬೇಕಾದ ಸಂಖ್ಯೆ ಸಿಗುತ್ತದೆ. ಹಾಗಾಗಿ ಸೊನ್ನೆಯಿಂದ ಮೇಲೆ ಎಲ್ಲವೂ ರೇಂಜಿನಲ್ಲಿದೆ.

ಇನ್ನು ಉಳಿದದ್ದು ಜಗಳದ ಮೂಲ. ಮೈನಸ್ ಯಾಕೆ ಬರುವುದಿಲ್ಲ?

ಮೊಮ್ಮಗಳೇ ಕೆಣಕಿದಳು. '6ರ ಗುರುತಿನಿಂದ ಉತ್ತರಕ್ಕೆ 8 ಅಡಿಗೆ ಗೆರೆ ಸಿಗುತ್ತೆ. ದಕ್ಷಿಣಕ್ಕೆ ಹೋದರೂ 8 ಅಡಿಗೆ ಸಿಗುತ್ತೆ. ಹಾಗಾದರೆ ನೀವು ಹೇಳಿದ್ದೇ ಸರಿ ಅಲ್ಲವಾ, ಎರಡು ಉತ್ತರ?'

ಒಂದು ಕ್ಷಣ ನನಗೆ ಆಸೆಯಾಯಿತು, ಹೌದು ಅಂದುಬಿಡೋಣವೆಂದು. ಆಗ ನೆನಪಿಗೆ ಬಂದದ್ದು ಫೀಲ್ಡ್ ಬುಕ್.

ಸರ್ವೆಯರನ ಫೀಲ್ಡ್ ಬುಕ್ಕು ಬೇರೆ ಪುಸ್ತಕಗಳ ಹಾಗಲ್ಲ. ಪುಟದ ನಡುವೆ ಕೆಳಗಿನಿಂದ ಮೇಲಕ್ಕೆ ಎರಡು ಗೆರೆ. ಅದು ಸರಪಳಿ. ಬರೆಯುವುದೂ ಕೆಳಗಿನಿಂದ ಮೇಲಕ್ಕೇ, ನಾವು ನಡೆದುಕೊಂಡು ಹೋಗುವ ದಿಕ್ಕಿಗೆ. ಎಡಗಡೆಯ ಬದುವಿನ ಆಫ್‌ಸೆಟ್ಟನ್ನು ಎಡಕ್ಕೆ ಬರೆಯುತ್ತೇವೆ, ಬಲಗಡೆಯದನ್ನು ಬಲಕ್ಕೆ. ಎರಡೂ ಕಡೆ ಬರೀ ಅಳತೆ. ಪ್ಲಸ್ಸೂ ಇಲ್ಲ, ಮೈನಸ್ಸೂ ಇಲ್ಲ. ಯಾವ ಕಡೆ ಎಂದು ಹೇಳುವುದು ಪುಟದ ಜಾಗ. ನಾನು ಸರಪಳಿಯ ಮೇಲೆ ನಿಂತು 'ಎಡಗಡೆ ಎಷ್ಟು?' ಎಂದು ಕೂಗಿದಾಗ ಟೇಪು ಹಿಡಿದವನು 'ಎಂಟು' ಅನ್ನಬೇಕು. 'ಎಂಟು, ಇಲ್ಲದಿದ್ದರೆ ಆ ಕಡೆಯ ಎಂಟು' ಅಂದರೆ ನಾನು ನಕ್ಷೆಯಲ್ಲಿ ಚುಕ್ಕೆ ಎಲ್ಲಿಡಲಿ? ಚುಕ್ಕೆ ತಪ್ಪಿದರೆ ಒಬ್ಬನ ತೆಂಗಿನ ಮರ ಇನ್ನೊಬ್ಬನ ಪಾಲಿಗೆ ಹೋಗುತ್ತದೆ. ಆಮೇಲೆ ಕೋರ್ಟು.

ಫಂಕ್ಷನ್ನಿನ ನಿಯಮವೂ ಅದೇ ಎಂದು ಅವಳು ಪುಸ್ತಕ ತೆರೆದು ತೋರಿಸಿದಳು. ಒಂದು ಸಂಖ್ಯೆ ಹಾಕಿದರೆ ಒಂದೇ ಉತ್ತರ ಬರಬೇಕು. ಎರಡು ಬಂದರೆ ಅದು ಫಂಕ್ಷನ್ನೇ ಅಲ್ಲ. ಅದಕ್ಕೇ √ ಎಂಬ ಚಿಹ್ನೆಗೆ ಒಂದೇ ಕಡೆಯ ಕೆಲಸ ಕೊಟ್ಟಿದ್ದಾರೆ, ಸೊನ್ನೆ ಅಥವಾ ಅದಕ್ಕಿಂತ ಮೇಲಿನದು. ನಮ್ಮ ಕಣದ ಉತ್ತರದ ಅರ್ಧ √(100 − ಕ²). ದಕ್ಷಿಣದ ಅರ್ಧ ಬೇಕಾದರೆ ಚಿಹ್ನೆಯ ಹಿಂದೆ ನಾವೇ ಮೈನಸ್ ಹಾಕಿ −√(100 − ಕ²) ಎಂದು ಬರೆಯಬೇಕು. ಅದು ಪುಟದ ಇನ್ನೊಂದು ಬದಿ.

ಹಾಗಾದರೆ ನನ್ನ ಬೆತ್ತದ ಪಾಠ? ಅದೂ ಪೂರ್ತಿ ಸುಳ್ಳಲ್ಲ, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಯಾವ ಸಂಖ್ಯೆಯ ವರ್ಗ 9 ಎಂದು ಕೇಳಿದರೆ ಉತ್ತರ ಎರಡು, 3 ಮತ್ತು ಮೈನಸ್ 3. ಸಮೀಕರಣ ಬಿಡಿಸುವಾಗ ಎರಡನ್ನೂ ಬರೆಯಲೇಬೇಕು, ಬರೆಯದಿದ್ದರೆ ಈಗಲೂ ಅಂಕ ಹೋಗುತ್ತದೆ. ಆದರೆ √9 ಎಂದು ಚಿಹ್ನೆ ಹಾಕಿ ಬರೆದರೆ ಅದು 3 ಒಂದೇ. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದಾರೆ, ಹೆಸರು ಹಿಡಿದು ಕೂಗಿದರೆ ಬರುವವನು ಒಬ್ಬನೇ. ನಾನು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಂಡಿದ್ದೆ.

ಮನೆಗೆ ಬಂದ ಮೇಲೆ ಅವಳಿಗೆ ಇನ್ನೊಂದು ಸಂಗತಿ ಹೇಳಿದೆ. ನಿವೃತ್ತನಾದ ಮೇಲೆ ಓದಿದ್ದು. ಕವಿರಾಜಮಾರ್ಗದ ಜೊತೆ ಹೆಸರು ಕೇಳಿಬರುವ ಅಮೋಘವರ್ಷ ನೃಪತುಂಗ ಆಳುತ್ತಿದ್ದ ಕಾಲದಲ್ಲೇ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಎಂಬ ಗಣಿತಜ್ಞ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಪುಸ್ತಕದ ಆರಂಭದಲ್ಲೇ ಅಮೋಘವರ್ಷನನ್ನು ಹೊಗಳಿದ್ದಾನೆ. ಆ ರಾಜನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಧನ ಸಂಖ್ಯೆಯ ವರ್ಗವೂ ಋಣ ಸಂಖ್ಯೆಯ ವರ್ಗವೂ ಧನವೇ, ಆದ್ದರಿಂದ ಮೂಲ ಧನವೂ ಇರಬಹುದು ಋಣವೂ ಇರಬಹುದು ಎಂದು ಅವನು ಹೇಳಿದ್ದಾನೆ. ಜೊತೆಗೆ, ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲವಿಲ್ಲ ಎಂದೂ ಸ್ಪಷ್ಟವಾಗಿ ಬರೆದಿದ್ದಾನೆ. 'ಡೊಮೇನ್' ಎಂಬ ಮಾತು ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಮಿಲ್ಲಿನ ಬೋರ್ಡು ಬರೆದವನು ಅವನು. 1150ರಲ್ಲಿ ಲೀಲಾವತಿ ಬರೆದ ಭಾಸ್ಕರಾಚಾರ್ಯನೂ ಇದನ್ನೇ ಹೇಳಿದ್ದಾನೆ.

'ಹಾಗಾದರೆ ಮಹಾವೀರಾಚಾರ್ಯ ನಿಮ್ಮ ಪಾರ್ಟಿ ತಾತ, ಎರಡು ಮೂಲ ಅಂದಿದ್ದಾನೆ' ಅಂದಳು.

'ಅವನ ಕಾಲದಲ್ಲಿ √ ಚಿಹ್ನೆ ಇರಲಿಲ್ಲವಲ್ಲ' ಅಂದೆ. ಆ ಚಿಹ್ನೆಯನ್ನು ಮೊದಲು ಅಚ್ಚಿನಲ್ಲಿ ಬಳಸಿದವನು ಜರ್ಮನ್ ಭಾಷೆಯಲ್ಲಿ ಬೀಜಗಣಿತ ಬರೆದ ಕ್ರಿಸ್ಟೋಫ್ ರುಡಾಲ್ಫ್, 1525ರಲ್ಲಿ. ಮಹಾವೀರಾಚಾರ್ಯ ಹೇಳಿದ್ದು ಮನೆಯಲ್ಲಿರುವ ಅಣ್ಣತಮ್ಮಂದಿರ ಬಗ್ಗೆ. ಹೆಸರಿಟ್ಟು ಒಬ್ಬನನ್ನೇ ಕೂಗುವ ಪದ್ಧತಿ ಆಮೇಲೆ ಬಂತು. (ಮೈನಸ್ ಸಂಖ್ಯೆಗೂ ಮೂಲ ಕೊಡುವ ಬೇರೆ ಜಾತಿಯ ಸಂಖ್ಯೆಗಳಿವೆ, ಅವಳ ಪುಸ್ತಕದಲ್ಲೇ ಮುಂದೆ ಒಂದು ಪಾಠವಿದೆ. ಆದರೆ ಕಣದ ಮೇಲೆ ಟೇಪಿನಲ್ಲಿ ಅವನ್ನು ಅಳೆಯಲಾಗುವುದಿಲ್ಲ. ನನಗೂ ಅಲ್ಲಿಗೆ ಹೋಗುವ ಧೈರ್ಯವಿಲ್ಲ.)

ರಜೆ ಮುಗಿಸಿ ಹೊರಟಾಗ ಅವಳು ನನ್ನ ಒಂದು ಹಳೆಯ ಫೀಲ್ಡ್ ಬುಕ್ ಕೇಳಿ ತೆಗೆದುಕೊಂಡು ಹೋದಳು. ಕಣದ ಆಫ್‌ಸೆಟ್‌ಗಳನ್ನು ಅದರ ಖಾಲಿ ಪುಟದಲ್ಲಿ ಕೆಳಗಿನಿಂದ ಮೇಲಕ್ಕೆ ತಾನೇ ಬರೆದಿದ್ದಳು. ತರಗತಿಯಲ್ಲಿ ತೋರಿಸುತ್ತೇನೆ ಅಂದಳು. ತೋರಿಸಿದಳೋ ಇಲ್ಲವೋ ನಾನು ಕೇಳಲಿಲ್ಲ.

ಹತ್ತು ದಿನದ ಮೇಲೆ ರಾತ್ರಿ ಫೋನು. 'ತಾತ, √(−ಕ) ಡೊಮೇನ್ ಏನು ಹೇಳಿ?'

'ಒಳಗೆ ಮೈನಸ್ ಇದೆ, ಏನನ್ನೂ ಹಾಕುವಂತಿಲ್ಲ' ಎಂದೆ ಥಟ್ಟನೆ.

ಆ ಕಡೆಯಿಂದ ನಗು. 'ಮೈನಸ್ 9 ಹಾಕಿ ನೋಡಿ ತಾತ.'

ಹಾಕಿದೆ. ಮೈನಸ್ 9ಕ್ಕೆ ಮೈನಸ್ ಹಚ್ಚಿದರೆ 9. ವರ್ಗಮೂಲ 3. ಸೊನ್ನೆ ಮತ್ತು ಅದರ ಕೆಳಗಿನ ಎಲ್ಲ ಸಂಖ್ಯೆಗಳೂ ಆ ಮಿಲ್ಲಿಗೆ ಹಿಡಿಸುತ್ತವೆ. ಒಳಗಿನ ಒಟ್ಟು ಮೊತ್ತ ನೋಡು ಎಂದು ಮೊನ್ನೆ ನಾನೇ ಹೇಳಿದ್ದೆ!

'ಎಷ್ಟು ಮಾರ್ಕ್ಸ್ ಕಳೀತೀಯಾ?' ಎಂದೆ.

'ಎರಡು' ಅಂದಳು.

ಮಕ್ಕಳೇ, ಅವಳಿಗೆ ತಿರುಗಿ ಕೊಡಲು ನಾನೂ ಒಂದು ಹುಡುಕಿಟ್ಟಿದ್ದೇನೆ. ಅವಳು ಈ ಪತ್ರಿಕೆ ಓದುವ ಮೊದಲು ನೀವು ಬಿಡಿಸಿ: √(ಕ − 5) + √(3 − ಕ). ಈ ಮಿಲ್ಲಿಗೆ ಯಾವ ಕಾಳು ಹಾಕಬಹುದು? ಮನೆಯಲ್ಲಿ ತಾತ, ಅಜ್ಜಿ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಉತ್ತರ ಮುಂದಿನ ವಾರ.